ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ, ಆದರೆ ಹಗೇವು ತುಂಬುವುದು ನಮ್ಮ ಕೆಲಸ

ಭಾರತ ಹುಣ್ಣಿಮೆ ಬಂತೆಂದರೆ ಚಿಂಚಲಿಯ ದಾರಿ ತುಂಬ ಚಕ್ಕಡಿಗಳ ಸಾಲು. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಜನ ಮಾಯಕ್ಕನ ಜಾತ್ರೆಗೆ ಬರುತ್ತಾರೆ. ಭಂಡಾರ ಹಾರುತ್ತದೆ, ‘ಚಾಂಗಭಲೋ’ ಕೂಗು ಏಳುತ್ತದೆ. ಮಳೆಯಾದ ವರ್ಷವೂ ಬರುತ್ತಾರೆ, ಬರ ಬಿದ್ದ ವರ್ಷವೂ ಬರುತ್ತಾರೆ.

ಬರದ ವರ್ಷ ಯಾವ ಹಿರಿಯರನ್ನಾದರೂ ‘ಹೆಂಗ್ರಿ ಅಜ್ಜಾರ ಈ ಸಲ?’ ಎಂದು ಕೇಳಿ ನೋಡಿ. ‘ಹುಟ್ಟಿಸಿದ ದೇವ್ರು ಹುಲ್ಲ ಮೇಯಸ್ತಾನೇನಪಾ?’ ಎನ್ನುತ್ತಾರೆ. ಕಾಲೇಜು ಕಲಿತ ಕೆಲವರಿಗೆ ಈ ಮಾತು ಕೇಳಿದರೆ ನಗು. ನಮಗೆ ನಗು ಬರುವುದಿಲ್ಲ. ಬಿತ್ತಿದ್ದು ಒಣಗಿ, ಬೋರ್ ಬತ್ತಿ, ಸಾಲ ತಲೆಯ ಮೇಲೆ ಕುಳಿತಾಗ ಮನುಷ್ಯನನ್ನು ನಾಳೆಯವರೆಗೆ ಎಳೆದೊಯ್ಯುವುದು ಇಂಥ ಒಂದು ಮಾತೇ. ನಮ್ಮ ತಕರಾರು ನಂಬಿಕೆಯ ಮೇಲಲ್ಲ. ‘ದೇವರು ಕೊಡ್ತಾನ’ ಅಂದಮೇಲೆ ಯಾರ ಕೈಯಿಂದ ಕೊಡುತ್ತಾನೆ ಎಂದು ನಾವು ಕೇಳುವುದಿಲ್ಲವಲ್ಲ, ತಕರಾರು ಅಲ್ಲಿದೆ.

ದಾಮಾಜಿಪಂತರ ಕಥೆ ನಮ್ಮ ಕಡೆ ಬಹಳ ಜನರಿಗೆ ಗೊತ್ತು. ಪಂಢರಪುರಕ್ಕೆ ನಡೆದು ಹೋದವರಂತೂ ಕೇಳಿಯೇ ಇರುತ್ತಾರೆ. ಬಸವಣ್ಣನವರು ಬಿಜ್ಜಳನ ಬಳಿ ಕೆಲಸ ಮಾಡಿದ ಮಂಗಳವೇಢೆಯಲ್ಲಿ, ಮುಂದೆ ಬೀದರದ ಬಹಮನಿ ಸುಲ್ತಾನರ ಕಾಲಕ್ಕೆ ದಾಮಾಜಿ ಅಧಿಕಾರಿಯಾಗಿದ್ದರು. ಭೀಕರ ಬರ ಬಿತ್ತು. ಜನ ಹಸಿವಿನಿಂದ ಸಾಯುವುದನ್ನು ನೋಡಲಾರದೆ ಅವರು ಸುಲ್ತಾನರ ಕಣಜ ತೆರೆದು ಧಾನ್ಯ ಹಂಚಿಬಿಟ್ಟರು. ಸುದ್ದಿ ಬೀದರಕ್ಕೆ ಮುಟ್ಟಿತು, ದಾಮಾಜಿಯವರನ್ನು ಹಿಡಿದು ತರಲು ಆಜ್ಞೆಯಾಯಿತು. ಅವರು ದಾರಿಯಲ್ಲಿರುವಾಗಲೇ ವಿಠ್ಠಲ ವಿಠು ಮಹಾರನ ವೇಷದಲ್ಲಿ ದರ್ಬಾರಿಗೆ ಹೋಗಿ ಧಾನ್ಯದ ಹಣವನ್ನೆಲ್ಲ ತುಂಬಿದ ಎನ್ನುತ್ತದೆ ಕಥೆ.

ಕಥೆಯ ಕ್ರಮ ನೋಡಿ. ವಿಠ್ಠಲ ಮೊದಲು ಬರಲಿಲ್ಲ. ಮೊದಲು ಕಣಜದ ಬಾಗಿಲು ತೆರೆಯಿತು, ಅದೂ ಒಬ್ಬ ಮನುಷ್ಯ ತನ್ನ ಕುತ್ತಿಗೆಯನ್ನೇ ಪಣಕ್ಕಿಟ್ಟು ತೆರೆದದ್ದು. ದೇವರು ಬಂದದ್ದು ಆಮೇಲೆ.

ಕಣಜ ತೆರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಇದೇ ನೆಲದಲ್ಲಿ ಪುರಾವೆಯಿದೆ. 1876ರಿಂದ 78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆ ಸೀಮೆ, ನಲುಗಿ ಹೋಯಿತು. ಆಗ ದೇಶದಲ್ಲಿ ಧಾನ್ಯವೇ ಇರಲಿಲ್ಲ ಎಂದಲ್ಲ. ಧಾನ್ಯ ವ್ಯಾಪಾರದಲ್ಲಿ ಕೈ ಹಾಕುವುದಿಲ್ಲ ಎಂದು ವೈಸ್‌ರಾಯ್ ಲಿಟ್ಟನ್ ಸರ್ಕಾರ ಹಟ ಹಿಡಿಯಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದರು. ಇಳಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯೇ 1874ರಲ್ಲಿ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಜೀವ ಉಳಿಸಿದ್ದ. ‘ಖರ್ಚು ಜಾಸ್ತಿ ಮಾಡಿದೆ’ ಎಂದು ಬೈಸಿಕೊಂಡು ಬುದ್ಧಿ ಬದಲಿಸಿದ. ಅದೇ ಮನುಷ್ಯ, ಒಂದು ಕಡೆ ಕೈ ಬಿಚ್ಚಿದ, ಇನ್ನೊಂದು ಕಡೆ ಮುಚ್ಚಿದ. ಸತ್ತವರ ಲೆಕ್ಕ ಆ ಕೈ ಮೇಲೆ ನಿಂತಿತ್ತು. ಆ ಸಾವುಗಳನ್ನು ‘ದೈವೇಚ್ಛೆ’ ಎನ್ನುವುದು ದೇವರಿಗೇ ಮಾಡುವ ಅಪಮಾನ.

ದೂರದ ಮಾತು ಬೇಡ ಎಂದರೆ 2019 ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಕಲ್ಲು ಕಾಣುತ್ತಿತ್ತು. ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮವರು ಮಹಾರಾಷ್ಟ್ರವನ್ನು ಬೇಡುತ್ತಿದ್ದರು. ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಚಿಕ್ಕೋಡಿ, ರಾಯಬಾಗ, ಅಥಣಿಯ ನದಿ ದಂಡೆಯ ಊರುಗಳಿಗೆ ನುಗ್ಗಿತು. ಎರಡು ಮೂರು ತಿಂಗಳ ಅಂತರದಲ್ಲಿ ನೀರಿಲ್ಲದ ಸಂಕಟ, ನೀರೇ ಸಂಕಟ. ಆಗ ಗಂಜಿ ಕೇಂದ್ರಗಳ ಮುಂದೆ ರೊಟ್ಟಿ, ಚಟ್ನಿಪುಡಿ, ಹಾಸಿಗೆ, ಬಟ್ಟೆ ತುಂಬಿದ ಗಾಡಿಗಳು ಬಂದು ನಿಂತವು. ಕಂಡು ಕೇಳದ ಊರಿನ ಅವ್ವಂದಿರು ಬಡಿದ ರೊಟ್ಟಿ ಅವು. ದೇವರು ಕೊಟ್ಟದ್ದೇ ಹೌದು. ಬಡಿದ ಕೈಗಳು ಮಾತ್ರ ಮನುಷ್ಯರವು.

ನಮ್ಮ ಹಳ್ಳಿಗಳ ಗುರ್ಜಿಯಲ್ಲೂ ಇದೇ ಅರ್ಥ ಅಡಗಿದೆ. ಮಳೆ ಹೋದಾಗ ಹಂಚಿನ ಮೇಲೆ ಗುರ್ಜಿ ಇಟ್ಟು ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಒಂದು ತಂಬಿಗೆ ನೀರು ಸುರಿದು ಒಂದಿಷ್ಟು ಜೋಳವನ್ನೋ ಹಿಟ್ಟನ್ನೋ ಕೊಡುತ್ತಾರೆ. ಕೊನೆಗೆ ಎಲ್ಲ ಕೂಡಿಸಿ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಮಳೆ ಬರುತ್ತದೋ ಇಲ್ಲವೋ, ಅವತ್ತು ಮಾತ್ರ ಊರಲ್ಲಿ ಒಬ್ಬರೂ ಉಪವಾಸ ಮಲಗುವುದಿಲ್ಲ. ಪ್ರಾರ್ಥನೆ ಅಂದರೆ ಇದು.

ಹಿಂದಿನವರು ದೇವರನ್ನು ನಮಗಿಂತ ಹೆಚ್ಚು ನಂಬಿದ್ದರು. ಆದರೂ ಮನೆ ಮುಂದೆ, ಅಗಸಿ ಹತ್ತಿರ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ನಂಬಿಕೆ ಕಡಿಮೆಯಿತ್ತು ಅಂತ ತುಂಬಿದ್ದಲ್ಲ, ಒಳ್ಳೆಯ ವರ್ಷ ಕೊಟ್ಟವನು ಕೆಟ್ಟ ವರ್ಷಕ್ಕೂ ಸೇರಿಸಿಯೇ ಕೊಟ್ಟಿದ್ದಾನೆ ಎಂದು ತಿಳಿದು ತುಂಬಿದ್ದು. ಇವತ್ತು ಎಷ್ಟೋ ಹಗೇವು ಮುಚ್ಚಿ ಹೋಗಿವೆ. ಜೋಳದ ಹೊಲ ಕಬ್ಬಿನ ಹೊಲವಾಗಿದೆ. ಕಬ್ಬು ವರ್ಷವಿಡೀ ನೀರು ಕುಡಿಯುತ್ತದೆ, ಬರ ಬಂದರೆ ಹೊಟ್ಟೆಗೂ ಆಗುವುದಿಲ್ಲ. ಬೋರ್ ಮೇಲೆ ಬೋರ್ ಕೊರೆಸಿ, ನೀರು ಬೀಳಲಿ ಎಂದು ತೆಂಗಿನಕಾಯಿ ಒಡೆಯುತ್ತೇವೆ. ದೇವರು ಕೊಟ್ಟದ್ದನ್ನು ಮೊದಲು ಖಾಲಿ ಮಾಡಿ, ಆಮೇಲೆ ಮತ್ತೆ ಕೊಡು ಎನ್ನುವುದು ನಂಬಿಕೆಯೇ?

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸ್ ಹಾಕಿ ಬರಲು ಕಳಿಸಿದಳು. ಮನೆಯಲ್ಲಿ ಬಡತನವಿತ್ತು, ಆದರೂ ಕಳಿಸಿದಳು. ನಾಳೆಯೂ ದುಡಿಮೆ ಇದೆ, ದೇವರಿದ್ದಾನೆ ಎಂಬ ನಂಬಿಕೆ ಎಷ್ಟು ಗಟ್ಟಿ ಇದ್ದರೆ ಹಾಗೆ ಮಾಡಲು ಸಾಧ್ಯ! ನಂಬಿದವರು ಬಾಚಿಕೊಳ್ಳುವುದಿಲ್ಲ. ಬರದ ಕಾಲಕ್ಕೆ ಧಾನ್ಯ, ಮೇವು ಅಡಗಿಸಿಟ್ಟು ದರ ಏರಲಿ ಎಂದು ಕಾಯುವವನು ಹಣೆ ತುಂಬ ಭಂಡಾರ ಹಚ್ಚಿಕೊಂಡರೂ ಅವನಿಗೆ ದೇವರ ಮೇಲೆ ನಂಬಿಕೆಯಿಲ್ಲ.

ಆದ್ದರಿಂದ ನಮ್ಮದೊಂದು ಮಾತು. ಒಳ್ಳೆಯ ಮಳೆಯಾದ ವರ್ಷ ಪ್ರತಿ ಊರಿನ ಗುಡಿ, ಮಠ, ಮಸೀದಿಗಳಲ್ಲಿ ಒಂದು ಹಗೇವು, ಒಂದು ಬಣವೆ ಊರಿನ ಹೆಸರಿನಲ್ಲಿ ಇರಲಿ. ಜಾತ್ರೆಗೆ ಬರುವವರು ಹೋಳಿಗೆ ನೈವೇದ್ಯದ ಜೊತೆ ಒಂದು ಸೇರು ಜೋಳ ತರಲಿ. ಲೆಕ್ಕವನ್ನು ಗುಡಿಯ ಗೋಡೆ ಮೇಲೆ ಬರೆಯಲಿ. ಬರ ಬಂದಾಗ ಮೊದಲು ಕೂಲಿಯವರ ಮನೆಗೆ, ವಿಧವೆಯರ ಮನೆಗೆ ಹೋಗಲಿ. ಇದ್ದವರು ಆಮೇಲೆ.

ಇದರಿಂದ ಸರ್ಕಾರ ಕೈ ತೊಳೆದುಕೊಳ್ಳಬಾರದು. ಬರ ಘೋಷಣೆ, ಮೇವು, ಕೂಲಿ, ರೇಷನ್ ನಮ್ಮ ಹಕ್ಕು. 2013ರಿಂದ ಆಹಾರ ಭದ್ರತೆ ಕಾಯ್ದೆಯೇ ಇದೆ. ‘ದೇವರಿದ್ದಾನೆ’ ಎಂದು ಸುಮ್ಮನಿದ್ದು ಅರ್ಜಿ ಕೊಡದೆ ಕೂರಬೇಡಿ. ಮಾಯಕ್ಕನಿಗೆ ಕೈ ಮುಗಿದು, ಅದೇ ಕೈಯಿಂದ ಅರ್ಜಿಗೆ ಸಹಿ ಹಾಕಿ.

ಸಾಲಕ್ಕೆ ಹೆದರಿ ಒಳಗೊಳಗೇ ಕುದಿಯುತ್ತಿರುವ ನೆರೆಯವರು ನಿಮ್ಮ ಓಣಿಯಲ್ಲೂ ಇರಬಹುದು. ಇವತ್ತು ಸಂಜೆ ಅವರ ಕಟ್ಟೆ ಮೇಲೆ ಹೋಗಿ ಕೂತು ‘ಊಟ ಆತೇನ?’ ಎಂದು ಕೇಳಿ. ದೇವರು ತಮ್ಮನ್ನು ಮರೆತಿಲ್ಲ ಎಂಬುದು ಅವರಿಗೆ ಗೊತ್ತಾಗುವುದು ಹಾಗೆಯೇ.