ವುಝೂವಿನ ನೀರಿಗೂ ಲೆಕ್ಕವಿದೆ

ಕಾಗಿಣಾ ನದಿಯ ಸ್ವಭಾವವನ್ನು ಸೇಡಂ, ಚಿತ್ತಾಪುರದ ಜನರಿಗೆ ವಿವರಿಸಬೇಕಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಳಖೇಡವನ್ನು ಮುಳುಗಿಸಿದ ಅದೇ ನದಿ ಬೇಸಿಗೆಯಲ್ಲಿ ಸೊರಗಿ ಹೋಗುತ್ತದೆ. ಚಿಂಚೋಳಿಯ ಮುಲ್ಲಾಮಾರಿಯ ಕತೆಯೂ ಭಿನ್ನವಲ್ಲ. ಇಂತಹ ಸೀಮೆಯಲ್ಲಿ ಪರಿಸರದ ಮಾತೆತ್ತಿದರೆ ಸಿದ್ಧ ಉತ್ತರವೊಂದಿದೆ: ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಮುಂದೆ ನಮ್ಮ ಮನೆಯ ನಲ್ಲಿ ಯಾವ ಲೆಕ್ಕ?

ಈ ಉತ್ತರದಲ್ಲಿ ಸತ್ಯಾಂಶವಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟಿನದ್ದು. ಸುಣ್ಣದ ಕಲ್ಲನ್ನು ಸುಡುವಾಗ ಕಲ್ಲಿನೊಳಗಿನಿಂದಲೇ ಆ ಅನಿಲ ಹೊರಬೀಳುತ್ತದೆ. ಆದ್ದರಿಂದ ಗೃಹಿಣಿಯರಿಗೆ ನೀರುಳಿತಾಯದ ಉಪದೇಶ ನೀಡಿ ಕಾರ್ಖಾನೆಗಳ, ಶಹಾಬಾದಿನ ಕಲ್ಲುಗಣಿಗಳ ಬಗ್ಗೆ ಯಾವ ಸರಕಾರವೂ ಮೌನ ತಾಳುವಂತಿಲ್ಲ. ಆದರೆ ಅವರ ಹೊಣೆ ನಮ್ಮ ಹೊಣೆಯನ್ನು ರದ್ದುಪಡಿಸುವುದಿಲ್ಲ.

ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದು ದಾಖಲಾಗಿದೆ. ಮುದ್ದ್‌ನ ಅಳತೆಯಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದ್ದರೂ ಅದು ಒಂದು ಲೀಟರಿನ ಆಸುಪಾಸನ್ನು ದಾಟದು. ಈಗ ನಮ್ಮ ಮನೆಗಳತ್ತ ನೋಡೋಣ. ನಿಮಿಷಕ್ಕೆ ಐದು ಲೀಟರ್ ಸುರಿಯುವ ನಲ್ಲಿಯನ್ನು ಎರಡು ನಿಮಿಷ ತೆರೆದಿಟ್ಟರೆ ಹತ್ತು ಲೀಟರ್. ಐದು ಮಂದಿ, ಐದು ಹೊತ್ತು, ಪ್ರತಿ ಬಾರಿ ಹೊಸ ವುಝೂ ಎಂದಾದರೆ 250 ಲೀಟರ್! 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ನಿಗದಿಪಡಿಸಿದೆ. ಅಂದರೆ ಐವರ ಕುಟುಂಬಕ್ಕೆ 275 ಲೀಟರ್. ಅಡುಗೆ, ಸ್ನಾನ, ಬಟ್ಟೆಗೆ ಉಳಿಯುವುದೆಷ್ಟು? ಕೊಡ ಹೊತ್ತು ತರುವವರು ಹೆಚ್ಚಾಗಿ ಮನೆಯ ಹೆಂಗಸರೇ ಎಂಬುದನ್ನು ನಲ್ಲಿ ತೆರೆದಿಡುವ ಗಂಡಸರು ಮರೆಯುವುದುಂಟು.

ಸ್ವಚ್ಛತೆಯ ಹೆಸರಿನಲ್ಲಿ ಇಸ್ರಾಫ್ ಮಾಡುವುದು ನಮ್ಮ ಕಾಲದ ವಿಪರ್ಯಾಸ. ನಮ್ಮ ಅಜ್ಜಂದಿರು ಬದ್ನಾ ಎಂಬ ಮೂತಿಯುಳ್ಳ ಪಾತ್ರೆಯಿಂದ ವುಝೂ ಮಾಡುತ್ತಿದ್ದರು. ಅವರ ವುಝೂವಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಳಸಿದ ನೀರು ಮತ್ತೊಮ್ಮೆ ವುಝೂವಿಗೆ ಆಗದು, ಆದರೆ ಅಶುದ್ಧವೂ ಅಲ್ಲವೆಂಬುದು ಹನಫಿ ಫಿಕ್‌ಹ್‌ನ ಪ್ರಬಲ ಅಭಿಪ್ರಾಯ. ಹಾಗಿರುವಾಗ ಅದನ್ನು ಚರಂಡಿಗೆ ಬಿಡುವ ಬದಲು ಹಿತ್ತಲಿನ ಬಾಳೆಗೋ ನುಗ್ಗೆಗೋ ಹರಿಸಲು ಅಡ್ಡಿಯೇನು? ಮಸೀದಿಯ ವುಝೂಖಾನೆಗೂ ಇದೇ ಮಾತು ಅನ್ವಯಿಸುತ್ತದೆ. ಬಣ್ಣ, ಕಾರ್ಪೆಟ್‌ಗಳಿಗೆ ಚಂದಾ ಎತ್ತುವ ಕಮಿಟಿಗಳಿಗೆ ಒಂದು ಪೈಪಿನ ಖರ್ಚು ಹೊರೆಯಾಗದು. ರಮಝಾನ್ ಬೇಸಿಗೆಯಲ್ಲಿ ಬಂದಾಗಲಷ್ಟೇ ಟ್ಯಾಂಕರಿಗಾಗಿ ಓಡುವುದನ್ನು ಬಿಟ್ಟು, ಈ ಶುಕ್ರವಾರವೇ ಖತೀಬರು ಮಿಂಬರಿನಿಂದ ಈ ಲೆಕ್ಕವನ್ನು ಜಮಾಅತಿನ ಮುಂದಿಡಲಿ.