ನೀರಿನ ಲೆಕ್ಕ ಎಲ್ಲರ ಬಾಯಲ್ಲಿ, ಕಾಡಿನ ಲೆಕ್ಕ ಯಾರಲ್ಲಿ?

ಮೊರಬ: 2023ರ ಮಾರ್ಚಿನಲ್ಲಿ, ಹೋಳಿ ಹುಣ್ಣಿಮೆ ಹೊತ್ತಿಗೆ, ನಮ್ಮ ಮಂದಿ ಹರಕೆ ಹೊತ್ತು ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಸಾಲುಗಟ್ಟಿದ್ದರು. ಅದೇ ವಾರ ಗೋವಾದ ಮಹದಾಯಿ ಅಭಯಾರಣ್ಯ ಉರಿಯುತ್ತಿತ್ತು. ವಾಯುಪಡೆ, ನೌಕಾಪಡೆಯ ಹೆಲಿಕಾಪ್ಟರುಗಳೇ ನೀರು ಹೊತ್ತು ಬರಬೇಕಾಯಿತು.

"ಎಲ್ಲೋ ಗೋವಾದಾಗ ಕಾಡು ಸುಟ್ರ ಎರಿ ಹೊಲದವ್ರಿಗೇನ್ರೀ?" ಎಂದು ಯಾರಾದರೂ ಕೇಳಿಯಾರು. ಕೇಳಲಿ. ಮೊರಬದ ಸುತ್ತ ಬದುವಿನ ಜಾಲಿಗಿಡ ಬಿಟ್ಟರೆ ಕಾಡೆಲ್ಲಿದೆ? ಆದರೆ ನಾವು ಕಾಲುವೆಯಲ್ಲಿ ಕಾಣುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಮಹದಾಯಿಯೂ ಅದೇ ತಾಲೂಕಿನ ಕಾಡಿನ ಮಗಳು. ಆಚೆ ಗೋವಾ, ಈಚೆ ಭೀಮಗಡ. ಬೆಂಕಿಗೆ ಗಡಿಕಲ್ಲು ಗೊತ್ತಿಲ್ಲ.

ಬೆಂಕಿ ಕಾಡಿಗೆ ಹೊಸದಲ್ಲ, ಅದೂ ಖರೆ. ಚಾಮರಾಜನಗರ ಕಡೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬಿಸಿಲು ಬಲಿಯುವ ಮುನ್ನವೇ ಒಣ ಎಲೆಗೆ ಸಣ್ಣ ಉರಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ನೆಲದ ಕಸ ಸುಡುತ್ತಿತ್ತು, ಬಲಿತ ಮರ ಉಳಿಯುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಮುಂದೆ ತರಗು ಬೆಂಕಿ ನಿಂತಿತು, ಲಂಟಾನ ಪೊದೆ ಆಳೆತ್ತರ ಹಬ್ಬಿತು. ಇದು ಸೋಲಿಗರ ಮಾತು. ಒಪ್ಪುವ ಸಂಶೋಧಕರೂ ಇದ್ದಾರೆ. ಅಂಥದೇ ಲಂಟಾನ ತುಂಬಿದ ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಸುಮಾರು 10 ಸಾವಿರ ಎಕರೆ ಸುಟ್ಟಿತು.

ಹಾಗಂತ ಖಾನಾಪುರದ ಕಾಡಿಗೂ ಉರಿ ಹಚ್ಚಿರಿ ಎಂದು ಯಾರೂ ಹೊರಡಬಾರದು. ಅದು ಮಳೆಕಾಡು. ತೇಗದಂಥ ಒಣಕಾಡಿನ ಮರಕ್ಕೆ ದಪ್ಪ ತೊಗಟೆಯ ರಕ್ಷಣೆ ಉಂಟು. ಹಸಿಕಾಡಿನ ಬಹಳಷ್ಟು ಮರಗಳಿಗೆ ಅದಿಲ್ಲ. ನೆಲದಲ್ಲಿ ತೆವಳುವ ಬೆಂಕಿಗೇ ಸಾಯುತ್ತವೆ. ಮರ ಬಿದ್ದಲ್ಲಿ ಬಿಸಿಲು ಇಳಿಯುತ್ತದೆ, ಹುಲ್ಲು ಎದ್ದು ಒಣಗುತ್ತದೆ, ಮುಂದಿನ ಸಲ ಒಂದು ಬೀಡಿ ತುಂಡು ಸಾಕು. ಇಷ್ಟು ದಿನ ಆ ಕಾಡನ್ನು ಕಾದದ್ದು ಅದರ ಹಸಿತನ. ಈಗ ಅದಕ್ಕೂ ಭರವಸೆಯಿಲ್ಲ. 2023ರ ಫೆಬ್ರುವರಿಯಲ್ಲಿ ದೇಶದ ಹಗಲಿನ ಸರಾಸರಿ ಬಿಸಿಲು 1901ರಿಂದೀಚೆಗೆ ಯಾವ ಫೆಬ್ರುವರಿಯಲ್ಲೂ ಕಾಣದಷ್ಟು ಏರಿತ್ತು. ಬೆಂಕಿ ಹಚ್ಚುವುದು ಬಹುಪಾಲು ಮನುಷ್ಯನೇ, ಹವಾಮಾನ ಕಟ್ಟಿಗೆ ಒಣಗಿಸಿ ಕೊಡುತ್ತದೆ.

ಗುಡ್ಡ ಬೋಳಾದರೆ ಮಳೆ ನಿಲ್ಲುವುದಿಲ್ಲ, ನೀರು ನಿಲ್ಲುವುದಿಲ್ಲ. ಎಲೆಕಸದಲ್ಲಿ ಇಂಗಿ ತಿಂಗಳುಗಟ್ಟಲೆ ಜಿನುಗಬೇಕಾದದ್ದು ಎರಡು ದಿನದಲ್ಲಿ ಮಣ್ಣು ಸಮೇತ ನವಿಲುತೀರ್ಥದ ಅಣೆಕಟ್ಟು ಸೇರುತ್ತದೆ. 2018ರ ತೀರ್ಪಿನಲ್ಲಿ ಕಳಸಾ-ಬಂಡೂರಿಗೆ ಸಿಕ್ಕದ್ದು 3.9 ಟಿ.ಎಂ.ಸಿ. ಇದನ್ನು ನಮ್ಮೂರ ಚಹಾದಂಗಡಿ ಹುಡುಗನೂ ಹೇಳುತ್ತಾನೆ. ಆ ಯೋಜನೆಗೂ ಕಾಡಿನ ಜಾಗವೇ ಬೇಕು. ಈ ಮಾತು ಇಲ್ಲಿ ಯಾರಿಗೂ ಸೇರದು, ಆದರೂ ಬರೆಯಲೇಬೇಕು.

ನಮ್ಮ ಹೋರಾಟದವರು ಮುಂದಿನ ಸಲ ಮನವಿ ಹಿಡಿದು ಬೆಳಗಾವಿಗೆ ಹೋದಾಗ ಅರಣ್ಯ ಇಲಾಖೆಯ ಆಫೀಸಿಗೂ ಹೊಕ್ಕು ಬರಲಿ. ಭೀಮಗಡದಲ್ಲಿ ಜನವರಿಯೊಳಗೆ ಎಷ್ಟು ಕಿಲೋಮೀಟರು ಬೆಂಕಿ ರೇಖೆ ಸವರಿದ್ದೀರಿ, ಎಷ್ಟು ಕಾವಲುಗಾರರನ್ನು ಇಟ್ಟಿದ್ದೀರಿ ಎಂದು ಕೇಳಲಿ. ಬಸ್ ಚಾರ್ಜು ಅಷ್ಟೇ.