ಬಸ್ಸಿನ ಹೊರೆ ಯಾರ ಹೆಗಲಿಗೆ?

2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಗಿರಣಿಗೆ ಹೋಗುವ ಹೆಣ್ಣುಮಕ್ಕಳ ಕೂಲಿಯಲ್ಲಿ ನಾಲ್ಕು ಕಾಸು ಉಳಿಯಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ 2025ರ ಜನವರಿ 5ರಿಂದ ಟಿಕೆಟ್ ದರ ಶೇಕಡಾ 15ರಷ್ಟು ಏರಿತು. ಏಪ್ರಿಲಿನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿತು. ಅಂಗಡಿಗೆ ಮೂಟೆ ತರುವ ಲಾರಿಗೂ ಡೀಸೆಲ್ಲೇ ಬೇಕಲ್ಲವೆ? ಹಿಂಬಾಕಿ ವೇತನಕ್ಕಾಗಿ ಸಾರಿಗೆ ನೌಕರರು ಆಗಸ್ಟ್ 5ರಂದು ಮುಷ್ಕರ ಹೂಡಬೇಕಾಯಿತು.

ಹೆಂಡತಿಗೆ ಕೊಟ್ಟದ್ದನ್ನು ಗಂಡನ ಜೇಬಿನಿಂದ ವಸೂಲು ಮಾಡುವುದು ಸಮಾಜವಾದವಲ್ಲ. ಶಾಲೆ, ಆಸ್ಪತ್ರೆಗಳಂತೆ ಬಸ್ಸೂ ಸಾರ್ವಜನಿಕ ಸೇವೆ. ಉಚಿತ ಪ್ರಯಾಣದ ಹಣವನ್ನು ಸರಕಾರ ತಿಂಗಳು ತಿಂಗಳೂ ನಿಗಮಗಳಿಗೆ ಪೂರ್ತಿ ಸಲ್ಲಿಸಲಿ. ನಾಳೆಯ ಬಸ್ಸುಗಳಿಗೆ ಬೇಕಾದ ಹಣ ಉಳ್ಳವರ ಕಾರುಗಳ ತೆರಿಗೆಯಿಂದ ಬರಲಿ. ಕೂಲಿಕಾರನ ಟಿಕೆಟಿನಿಂದ ಬೇಡ.